ಪಿಡುಗಿನ ಊರಲ್ಲಿ ಉಳಿದವರು

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ಡರ್ಹಮ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿ ಪ್ರತಿ ಬುಧವಾರ ಸಂಜೆ ಒಂದು ತರಗತಿ ನಡೆಯುತ್ತಿತ್ತು. ವಿಷಯ, ಕ್ರೈಸ್ತ ಧರ್ಮದ ಮೊದಲ ಮುನ್ನೂರು ವರ್ಷ. ಪಾಠ ಮಾಡುತ್ತಿದ್ದವರು ನಿವೃತ್ತ ಇತಿಹಾಸದ ಮೇಷ್ಟ್ರು. ಬಂದವರ ಮತ ಯಾವುದೆಂದು ಅವರು ಕೇಳುತ್ತಿರಲಿಲ್ಲ. ನಾನು ಸೇರಿದ್ದು ಭಕ್ತಿಯಿಂದಲ್ಲ. ಮೈಸೂರಿನ ಕಾಲೇಜಿನ ವಾದಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ, ಒಂದು ಸಮಾಜ ನಿಜವಾಗಿ ಬದಲಾಗುವುದು ಹೇಗೆ ಎಂಬ ಪ್ರಶ್ನೆ ಊಟ ನಿದ್ರೆಯಷ್ಟೇ ಮುಖ್ಯವಾಗಿತ್ತು.

ತರಗತಿಯ ಕೊನೆಗೆ ಒಂದು ವಾದವಿತ್ತು. ರೋಮನ್ ಸಾಮ್ರಾಜ್ಯದ ಮೂಲೆಯೊಂದರಲ್ಲಿ ಬೆರಳೆಣಿಕೆಯ ಜನರಿಂದ ಆರಂಭವಾದ ಈ ಮತ ಬೆಳೆದದ್ದು ಕೊನೆಗೆ ಅದನ್ನು ಸೇರಿದ ಚಕ್ರವರ್ತಿಯ ಕೃಪೆಯಿಂದಲೋ, ಸಾಮಾನ್ಯ ವಿಶ್ವಾಸಿಗಳ ನಡತೆಯಿಂದಲೋ? ನಾನು ಚಕ್ರವರ್ತಿಯ ಪಕ್ಷ ಹಿಡಿದೆ. ಎದುರು ಪಕ್ಷದಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ನರ್ಸ್ ಇದ್ದರು. ತರಗತಿಯಲ್ಲಿ ಹೆಣಿಗೆ ಹಾಕುತ್ತ ಕೂರುವ, ಹೆಚ್ಚು ಮಾತಾಡದ ಹೆಂಗಸು. ಗೆಲುವು ನನ್ನದೇ ಎಂದುಕೊಂಡಿದ್ದೆ.

ಆಗ ಕೆಲಸಕ್ಕೆಂದು ವಿದೇಶಕ್ಕೆ ಬಂದಿದ್ದ ನಾವು ಮೂವರು ಕನ್ನಡಿಗರು ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ವಾದಕ್ಕೆ ಎರಡು ವಾರವಿದೆ ಎನ್ನುವಾಗ ನಮ್ಮಲ್ಲಿ ಕಿರಿಯವನಾದ ಮೈಸೂರಿನ ಗೆಳೆಯನಿಗೆ ಜ್ವರ ಬಂತು; ಮರುದಿನ ಮೈಯೆಲ್ಲ ನೀರುಗುಳ್ಳೆ. ಚಿಕನ್‌ಪಾಕ್ಸ್ ಎಂದು ಡಾಕ್ಟರು ಹೇಳಿ, ಮನೆಯಲ್ಲೇ ಇರು, ಚೆನ್ನಾಗಿ ನೀರು ಕುಡಿ ಎಂದು ಕಳಿಸಿದರು. ಉಳಿದ ನಮಗಿಬ್ಬರಿಗೂ ಬಾಲ್ಯದಲ್ಲಿ ಅದು ಬಂದಿರಲಿಲ್ಲ.

"ಅಮ್ಮ ಬಂದಿದಾಳೆ ಕಣೋ," ಎಂದ ಬೆಂಗಳೂರಿನ ಗೆಳೆಯ, ಆಗಲೇ ಬ್ಯಾಗ್ ಪ್ಯಾಕ್ ಮಾಡುತ್ತ. "ಅಮ್ಮ ಇರೋ ಮನೇಲಿ ಮಡಿ ಇರ್ಬೇಕು. ಒಗ್ಗರಣೆ ಹಾಕಂಗಿಲ್ಲ, ಶೇವ್ ಮಾಡಂಗಿಲ್ಲ. ನಮ್ಮ ಕೈಲಿ ಆಗತ್ತಾ? ನಾವಿಲ್ಲಿದ್ರೆ ಅವಳಿಗೇ ಅಪಚಾರ."

"ಇದು ವೈರಸ್ಸು. ಮಡಿಗೂ ಅದಕ್ಕೂ ಏನಯ್ಯಾ ಸಂಬಂಧ?"

"ಹಂಗಾದ್ರೆ ನೀನಿಲ್ಲೇ ಇರು, ಸೈಂಟಿಸ್ಟು!"

ನಾನು ಇರಲಿಲ್ಲ. ಸೋಂಕಿತನನ್ನು ಪ್ರತ್ಯೇಕವಾಗಿಡುವುದೇ ವೈಜ್ಞಾನಿಕ ಎಂದು ವಿವರಿಸಿ, ಮೊಸರನ್ನದ ಪಾತ್ರೆ, ಮಾತ್ರೆ, ಫೋನು ಎಲ್ಲವನ್ನೂ ಹಾಸಿಗೆಯ ಪಕ್ಕ ಜೋಡಿಸಿ ಹೊರಟೆ. ದೇವಿಗೆ ಹೆದರಿದವನೂ ದೇವಿಯನ್ನು ನಂಬದವನೂ ಒಂದೇ ಕಾರಿನಲ್ಲಿ ಕುಳಿತು, ಒಬ್ಬರನ್ನೊಬ್ಬರು ಹಂಗಿಸುತ್ತ, ಪಕ್ಕದ ಊರಿನ ಪರಿಚಯದವರ ಮನೆ ಸೇರಿದೆವು.

ಮರುದಿನ ಗ್ರಂಥಾಲಯದಲ್ಲಿ ವಾದಕ್ಕೆ ತಯಾರಿ ನಡೆಸಿದೆ. ಎರಡನೆಯ ಮತ್ತು ಮೂರನೆಯ ಶತಮಾನಗಳಲ್ಲಿ ಸಾಮ್ರಾಜ್ಯವನ್ನು ಭೀಕರ ಪಿಡುಗುಗಳು ಹಣ್ಣುಮಾಡಿದ್ದವು. ಅನುಕೂಲವಿದ್ದವರು ಊರು ಬಿಟ್ಟರು, ಹೆಸರಾಂತ ವೈದ್ಯರೂ ಬಿಟ್ಟರು. ಅಲೆಕ್ಸಾಂಡ್ರಿಯಾದ ಬಿಷಪ್ ಒಬ್ಬರು ಬರೆದ ಪತ್ರದ ಪ್ರಕಾರ, ಕ್ರೈಸ್ತರು ಮಾತ್ರ ಉಳಿದು, ರೋಗಿಗಳಿಗೆ ನೀರು ಕೊಟ್ಟು, ಸತ್ತವರನ್ನು ಮಣ್ಣು ಮಾಡಿ, ಎಷ್ಟೋ ಮಂದಿ ತಾವೂ ಸತ್ತರು. ಇದು ಎದುರು ಪಕ್ಷದ ಮುಖ್ಯ ಅಸ್ತ್ರವಾಗಬಹುದೆಂದು ಊಹಿಸಿ, ನನ್ನ ಟಿಪ್ಪಣಿ ಕಾರ್ಡಿನಲ್ಲಿ ಉತ್ತರ ಬರೆದುಕೊಂಡೆ: ಸಾಕ್ಷಿ ಹೇಳುತ್ತಿರುವವರು ಬಿಷಪ್, ತಮ್ಮವರನ್ನು ತಾವೇ ಹೊಗಳಿಕೊಂಡ ಮಾತಿಗೆ ತೂಕ ಕಡಿಮೆ.

ಆ ಸಂಜೆ ತರಗತಿಗೆ ಹೋದೆ. ಎರಡು ದಿನದ ಗಡ್ಡ, ಸುಕ್ಕಾದ ಅಂಗಿ ನೋಡಿ ಆ ನರ್ಸ್ ಅಜ್ಜಿ ಏನಾಯಿತೆಂದು ಕೇಳಿದರು. ನನ್ನ ಏರ್ಪಾಡನ್ನೆಲ್ಲ ಹೆಮ್ಮೆಯಿಂದಲೇ ವಿವರಿಸಿದೆ.

ಅವರ ಹೆಣಿಗೆಯ ಕಡ್ಡಿ ನಿಂತಿತು. "ನೀರು ಯಾರು ಕೊಡ್ತಿದ್ದಾರೆ ಮಗೂ?"

"ಪಕ್ಕದಲ್ಲೇ ಇಟ್ಟಿದ್ದೇನೆ."

"ನೀನು ಅವನ ಜೊತೆ ಒಂದೇ ಬಚ್ಚಲು ಬಳಸಿದವನು. ಅಂಟೋದಿದ್ರೆ ಆಗಲೇ ಅಂಟಿದೆ. ಈಗ ಅವನ ಹತ್ತಿರ ಇಲ್ಲ, ಸರಿ. ಆದರೆ ನಮ್ಮ ಹತ್ತಿರ ಕೂತಿದ್ದೀಯಲ್ಲ!"

ಅವರು ನೂಲಿನ ಉಂಡೆಯನ್ನು ಚೀಲಕ್ಕೆ ಹಾಕಿ ಎದ್ದರು. "ನನಗೆ ಆರನೇ ವಯಸ್ಸಿಗೇ ಬಂದು ಹೋಗಿದೆ. ದಾರಿ ತೋರಿಸು."

ಅಪಾರ್ಟ್‌ಮೆಂಟಿನ ಬಾಗಿಲು ತೆರೆದುಕೊಟ್ಟು ನಾನು ಮೆಟ್ಟಿಲ ಮೇಲೆಯೇ ನಿಂತೆ. ಒಳಗೆ ದೀಪ ಹತ್ತಿತು. ಬೆಳಿಗ್ಗೆ ಫೋನಿನಲ್ಲಿ "ಐ ಆ್ಯಮ್ ಫೈನ್ ಕಣೋ" ಎಂದಿದ್ದವನು ಈಗ ಜ್ವರದಲ್ಲಿ ಇಂಗ್ಲಿಷನ್ನು ಪೂರ್ತಿ ಮರೆತಿದ್ದ. ಅಜ್ಜಿ ಬಾಗಿಲಿಗೆ ಬಂದರು. "ಏನೋ ಕೇಳ್ತಿದ್ದಾನೆ, ನನಗೆ ಅರ್ಥ ಆಗ್ತಿಲ್ಲ. ಒಳಗೆ ಬರ್ತೀಯಾ, ಇಲ್ಲ ಅಲ್ಲಿಂದಲೇ ಹೇಳ್ತೀಯಾ?" ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಎರಡರಲ್ಲಿ ಯಾವುದಾದರೂ ಅವರಿಗೆ ಸರಿಯೇ ಇತ್ತು.

ಒಳಗೆ ಹೋದೆ. ಮೊಸರನ್ನ ಮುಟ್ಟಿರಲಿಲ್ಲ. ನೀರಿನ ಲೋಟ ಕೈಜಾರಿ ರತ್ನಗಂಬಳಿ ಒದ್ದೆಯಾಗಿತ್ತು. ಅವನ ತುಟಿ ಒಡೆದಿತ್ತು.

"ಮಜ್ಜಿಗೆ ಇದ್ಯೇನೋ?" ಎಂದ. "ಇಷ್ಟೊತ್ತಾ ಬರೋದು?"

ನಾನು ಮಜ್ಜಿಗೆ ಕಡೆದೆ. ಅಜ್ಜಿ ಚಮಚದಲ್ಲಿ ಕುಡಿಸಿದರು. ಆಮೇಲಿನ ವಾರವಿಡೀ ಅವರು ಬೆಳಿಗ್ಗೆ ಬರುತ್ತಿದ್ದರು, ನಾನು ಉಳಿದ ಹೊತ್ತು ನೋಡಿಕೊಳ್ಳುತ್ತಿದ್ದೆ. ತುರಿಕೆಗೆ ಓಟ್ಸ್ ಪುಡಿ ಕಲಸಿದ ನೀರಿನಲ್ಲಿ ಸ್ನಾನ ಮಾಡಿಸಬೇಕೆಂದು ಅವರು ಹೇಳಿಕೊಟ್ಟಾಗ ರೋಗಿ ನರಳುತ್ತಲೇ ನಕ್ಕ: "ಊರಲ್ಲಾಗಿದ್ರೆ ಬೇವಿನ ನೀರು. ಇಲ್ಲಿ ಪಾಯಸದಲ್ಲಿ ಅದ್ದುತ್ತಿದ್ದೀರಲ್ಲೋ!" ಅನುವಾದಿಸಿದೆ. ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. ಅವರು ಒಮ್ಮೆಯೂ ಏಸುವಿನ ಮಾತೆತ್ತಲಿಲ್ಲ, ತಮ್ಮ ಪಕ್ಷಕ್ಕೆ ನಮ್ಮನ್ನು ಉದಾಹರಣೆ ಮಾಡಿಕೊಳ್ಳಲೂ ಇಲ್ಲ.

ವಾದದ ದಿನ ಪಕ್ಷ ಬದಲಿಸಲು ಅನುಮತಿ ಕೇಳಿದೆ. ಮೇಷ್ಟ್ರು ಒಪ್ಪಲಿಲ್ಲ, ತಯಾರಾಗಿ ಬಂದದ್ದನ್ನೇ ಹೇಳು ಎಂದರು. ಹೇಳಿದೆ. ಸಾಮ್ರಾಜ್ಯದ ರಸ್ತೆಗಳು, ಬಂದರುಗಳು, ಕೊನೆಗೆ ಮತಾಂತರಗೊಂಡ ಚಕ್ರವರ್ತಿ. ಇವು ಸುಳ್ಳಲ್ಲ, ಇಂದಿಗೂ ನಾನು ಹಾಗೆಯೇ ಭಾವಿಸುತ್ತೇನೆ. ಆದರೆ ಬಿಷಪ್ಪರ ಪತ್ರದ ಕಾರ್ಡನ್ನು ಓದಲಿಲ್ಲ. ಅದರ ಬದಲು ಒಂದು ಮಾತು ಸೇರಿಸಿದೆ: ಚಕ್ರವರ್ತಿ ಕೈಹಿಡಿಯುವ ಹೊತ್ತಿಗೆ ಹಿಡಿಯಲು ಅಲ್ಲೊಂದು ಕೈ ಇತ್ತು, ಅದು ಮುನ್ನೂರು ವರ್ಷ ಉಳಿದದ್ದು ಹೇಗೆಂದು ನನ್ನ ಪಕ್ಷ ವಿವರಿಸಲಾರದು. ಕೈಯೆತ್ತಿಸಿ ಎಣಿಸಿದಾಗ ನಾನು ಸೋತಿದ್ದೆ. ನನ್ನ ಪರವಾಗಿ ಎದ್ದ ಕೆಲವೇ ಕೈಗಳಲ್ಲಿ ಅಜ್ಜಿಯದೂ ಒಂದು. "ಚೆನ್ನಾಗಿ ಮಾತಾಡಿದೆ, ಅದಕ್ಕೆ," ಎಂದರು.

ಮುಂದಿನ ವಾರ ನನ್ನ ಬೆನ್ನಿನ ಮೇಲೆ ಮೊದಲ ಗುಳ್ಳೆ ಎದ್ದಿತು.

ಆ ಹಳೆಯ ಪಿಡುಗುಗಳಲ್ಲಿ ಬದುಕಿ ಎದ್ದವರು ಮತ್ತೆ ಸೋಂಕು ತಗುಲದೆ ರೋಗಿಗಳ ನಡುವೆ ಓಡಾಡುತ್ತಿದ್ದರೆಂದೂ, ನೋಡಿದವರಿಗೆ ಅದು ಪವಾಡದಂತೆ ಕಂಡಿರಬಹುದೆಂದೂ ಮೇಷ್ಟ್ರು ಹೇಳಿದ್ದರು. ಮುಖದ ತುಂಬ ಕಲೆ ಹೊತ್ತ ಮೈಸೂರಿನ ಗೆಳೆಯ ಆಫೀಸಿಗೆ ರಜೆ ಹಾಕಿ ನನ್ನ ಪಕ್ಕ ಕುಳಿತ. ಓಟ್ಸ್ ಪುಡಿ ಕಲಸುವುದನ್ನು ಅಜ್ಜಿಯಿಂದ ಅವನೂ ಕಲಿತಿದ್ದ.

ಮೂರನೆಯ ದಿನ ಮೆಟ್ಟಿಲ ಬಳಿ ಬೆಂಗಳೂರಿನ ಗೆಳೆಯನ ದನಿ ಕೇಳಿಸಿತು. ಕೈಯಲ್ಲಿ ಮೊಸರಿನ ಡಬ್ಬಿ.

"ಒಗ್ಗರಣೆ ಹಾಕಿಲ್ಲ ತಾನೇ?" ಎಂದ, ಅಲ್ಲಿಂದಲೇ.

"ಇಲ್ಲ ಕಣೋ, ಬಾ," ಎಂದ ನನ್ನ ಪಕ್ಕದಲ್ಲಿದ್ದ ಮೈಸೂರಿನವನು.

ಆಮೇಲೆ ಷೂ ಬಿಚ್ಚುವ ಸದ್ದಾಯಿತು.