ಅತ್ತೆಯ ಮುಖದ ದೃಷ್ಟಿಬೊಂಬೆ

ಹಳೆಯ ದೃಷ್ಟಿಬೊಂಬೆಗಳನ್ನು ಕೂಡಿಡುವುದು, ಫೋನಿನಲ್ಲಿ ಅವುಗಳ ರೇಟು ನೋಡುತ್ತಿರುವುದು ನನ್ನ ಚಟ. ದೆವ್ವದ ವೇಷ ಹಾಕುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂತೆಂದರೆ ಬೆಂಗಳೂರಿನವರು ಮುಗಿಬೀಳುತ್ತಾರೆ, ರೇಟು ಏರುತ್ತದೆ. ಇವತ್ತು ಮಾರಾಟಕ್ಕಿಟ್ಟಿದ್ದ ಒಂದು ಮರದ ಬೊಂಬೆಯ ಎಡಗೆನ್ನೆಯಲ್ಲಿ ಬಿಳಿ ಕಲೆ ಕಂಡಿತು. ಹೊನ್ನೂರಿನ ನಮ್ಮ ಮನೆ ಕೆಡವುವಾಗ ಕಳೆದುಹೋಗಿದ್ದ ಬೊಂಬೆ ಅದು.

ಆ ಮನೆ ಕಟ್ಟಿಸಿದಾಗ ತಾತ ಬೊಂಬೆಗೆ ಮುಖ ಬರೆಯಲು ಬಂದ ಬಣ್ಣದವನ ಮುಂದೆ ತನ್ನ ಮಗಳನ್ನೇ, ಅಂದರೆ ನನ್ನ ಅತ್ತೆಯನ್ನೇ ಕೂರಿಸಿದ್ದ. ಅವಳ ಕೆನ್ನೆಯಲ್ಲಿ ತೊನ್ನಿತ್ತು.

"ಇವಳ ಮೊಕ ನೋಡ್ಕಂಡು ಬರಿಯಪ್ಪಾ. ಯಾವ ದಿಷ್ಟಿನೂ ಒಳೀಕೆ ಬರಾಕಿಲ್ಲ" ಎಂದ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅತ್ತೆ ಅಲುಗಾಡದೆ ಕೂತಿದ್ದಳು. ಆಮೇಲೆ ಅಮಾವಾಸ್ಯೆಗೊಮ್ಮೆ ಬಾಗಿಲ ಮೇಲಿನ ಆ ಬೊಂಬೆಯನ್ನು ಒರೆಸಿ ಕುಂಕುಮ ಇಡುವ ಕೆಲಸವೂ ಅವಳದೇ ಆಯಿತು.

ಹೆಣ್ಣು ನೋಡಲು ಬಂದವರು ಬಾಗಿಲಲ್ಲಿ ತಲೆಯೆತ್ತಿ ಬೊಂಬೆ ನೋಡುತ್ತಿದ್ದರು. ಒಳಗೆ, ಕಾಫಿ ತಂದ ಅತ್ತೆಯನ್ನು ನೋಡುತ್ತಿದ್ದರು. ಲೋಟ ಮುಟ್ಟದೆ ಎದ್ದು ಹೋಗುತ್ತಿದ್ದರು.

"ಬೊಂಬೆ ಚೆನ್ನಾಗೇ ಕೆಲ್ಸ ಮಾಡ್ತದೆ" ಎಂದು ತಾತ ಮೀಸೆ ತಿರುವುತ್ತಿದ್ದ.

ಈಗ ನನ್ನ ಜೊತೆಗೇ ಇರುವ ಅತ್ತೆಗೆ ಫೋನು ತೋರಿಸಿದೆ. "ಆ ಬಿಳಿ ಕಲೆಯಿಂದ್ಲೇ ರೇಟು ಜಾಸ್ತಿಯಂತೆ ಅತ್ತೆ. ಜನ ಪೈಪೋಟಿ ಮೇಲೆ ಕೇಳ್ತಾವ್ರೆ."

ಅವಳು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

"ಈ ಮೊಕಾನ ಕೇಳ್ಕಂಡು ಬಂದವ್ರೇನ್ಲಾ ಜನ?"