ಒತ್ತಕ್ಷರದ ಸ್ಪ್ರಿಂಗು

ಗಿರಿಜಾಂಬಿಕಾ ಕೀಬೋರ್ಡಿನ ‘ಎಫ್’ ಗುಂಡಿಯನ್ನು ಕಿತ್ತು, ತಲೆಯ ಪಿನ್ನಿನಿಂದ ಮುರಿದ ಸ್ಪ್ರಿಂಗನ್ನು ಮೆಲ್ಲಗೆ ಹೊರಗೆಳೆಯುತ್ತಿದ್ದಾರೆ. ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಯ ಎದುರು, ಅರ್ಜಿ ಟೈಪು ಮಾಡಿಕೊಡುವ ಅವರ ಅಂಗಡಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಂಡಿಗಳ ಸಂದಿಗೊಂದಿಯಲ್ಲೆಲ್ಲ ತೆಂಗಿನ ನಾರಿನ ಧೂಳು.

ಅವರು ಕಲಿತ ಕನ್ನಡ ಟೈಪಿಂಗಿನಲ್ಲಿ ಒತ್ತಕ್ಷರ ಮೂಡಬೇಕಾದರೆ ಎಫ್ ಒತ್ತಲೇಬೇಕು. ಮೊದಲು ಸೋಲುವುದೂ ಅದೇ. ಮುಚ್ಚಿಹೋದ ಟೈಪಿಂಗ್ ಶಾಲೆಯಿಂದ ತಂದ ಈ ಕೀಬೋರ್ಡು ಒರಳುಕಲ್ಲಿನಂಥ ಗಟ್ಟಿ ಜೀವ. ಗುಂಡಿಗೊಂದು ಸ್ಪ್ರಿಂಗು, ಒಂದು ಕೆಟ್ಟರೆ ಇನ್ನೊಂದರದ್ದು ತೆಗೆದು ಹಾಕಬಹುದು. ಹಾಗೆ ಕೊಟ್ಟೂ ಕೊಟ್ಟೂ, ಅಕ್ಷರಕ್ಕೆ ಬೇಡದ ಮೇಲಿನ ಸಾಲು ಪೂರಾ ಬರಿದಾಗಿದೆ. ಈಗ ಹಾಕುತ್ತಿರುವುದೇ ಕೊನೆಯದು.

“ಹೊಸಾವು ಹೂವಿನಂಗೆ ಹಗುರ ಕಣ್ರೀ. ಒಳಗೆ ಒಂದು ರಬ್ಬರ್ ಹಾಳೆ, ಅಷ್ಟೆ. ಒಂದ್ಕಡೆ ಸೋತ್ರೆ ಇಡೀದ್ನೇ ತಿಪ್ಪೆಗೆ ಎಸೀಬೇಕು,” ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ.

ಸಕ್ಕರೆ ಕಾಯಿಲೆ ಅವರ ಬೆರಳ ತುದಿಗಳನ್ನು ಮರಗಟ್ಟಿಸಿದೆ. ಗುಂಡಿ ಇಳಿಯಿತೋ ಇಲ್ಲವೋ ಬೆರಳಿಗೆ ತಿಳಿಯದು, ಹಳೆಯ ಗುಂಡಿಯ ‘ಟಕ್’ ಸದ್ದೇ ಹೇಳಬೇಕು. ರಸ್ತೆಯ ಗದ್ದಲ ಏಳುವ ಮೊದಲೇ ಅಂಗಡಿಯ ಬಾಗಿಲು ತೆರೆಯುವುದು ಅದಕ್ಕೇ.

ಹಿಂದೊಮ್ಮೆ ಇದು ಕೆಟ್ಟು ಕೂತಾಗ, ಜೊತೆಗೆ ಕೆಲಸ ಮಾಡುವ ತಮ್ಮನ ಮಗಳು ಅನಿತಾಳ ಹೊಸ ಕೀಬೋರ್ಡಿನಲ್ಲಿ ಕಂದಿಕೆರೆಯ ಪುಟ್ಟಗಂಗಮ್ಮನ ವಿಧವಾ ಪಿಂಚಣಿಯ ಅರ್ಜಿ ಹೊಡೆದರು. ಸದ್ದಿಲ್ಲ, ಒತ್ತೂ ಬೀಳಲಿಲ್ಲ. ಜನರ ನೂಕಿನಲ್ಲಿ ಮತ್ತೆ ಓದಿ ನೋಡಲೂ ಆಗಲಿಲ್ಲ. ಗಂಡ ‘ದ್ಯಾವಣ್ಣ’ ಹೋಗಿ ‘ದಯಾವಣಣ’ ಆದ. ಹೆಸರು ತಾಳೆಯಾಗದೆ ಅರ್ಜಿ ವಾಪಸು ಬಂತು.

ಇಂದು ಮೊದಲ ಬಸ್ಸಿಗೇ ಬಂದಿರುವ ಪುಟ್ಟಗಂಗಮ್ಮ ಬೆಂಚಿನ ಮೇಲೆ ಕೂತು ನಗುತ್ತಾರೆ. “ಬದುಕಿದ್ದಾಗ ಇಲ್ದಿದ್ ದಯೆ ಸತ್ಮೇಲೆ ಎಲ್ಲಿಂದ ಬಂತವ್ವಾ ಆವಯ್ಯಂಗೆ?”

ಗಿರಿಜಾಂಬಿಕಾಗೆ ನಗು ಬರುವುದಿಲ್ಲ. ಓದಲು ಬಾರದ ಹೆಂಗಸು ಇವರನ್ನು ನಂಬಿ ಹೆಬ್ಬೆಟ್ಟು ಒತ್ತಿದ್ದರು. ಆ ಪಿಂಚಣಿ ಇನ್ನೂ ಕೈಸೇರಿಲ್ಲ.

ಟಕ್. ಟಕ್. ಒಂದೊಂದು ಸದ್ದಿಗೂ ಕಿವಿಗೊಟ್ಟು ‘ದ್ಯಾವಣ್ಣ’ ಎಂದು ಹೊಡೆಯುತ್ತಾರೆ. ಪೂರ್ತಿ ಅರ್ಜಿಯನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಾರೆ. ಪುಟ್ಟಗಂಗಮ್ಮ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಲು ಕಚೇರಿಯತ್ತ ನಡೆಯುತ್ತಾರೆ.

“ಅತ್ತೆ, ಈ ಸ್ಪ್ರಿಂಗೂ ಹೋದ್ರೆ ಏನ್ಮಾಡ್ತೀಯ? ಹೊಸದು ತರ್ಸೇಬುಡ್ಲಾ?” ಅನಿತಾ ಕೇಳುತ್ತಾಳೆ.

ಅದು ಹೋಗುವವರೆಗೆ ಕಾಯಬಾರದು. ಇನ್ನೊಬ್ಬಳ ಗಂಡನ ಹೆಸರನ್ನು ಈ ಬೆರಳುಗಳಿಗೆ ಒಪ್ಪಿಸಬಾರದು. ತಾನು ಹೊಡೆಯುವುದರಲ್ಲಿ ಪುಟ್ಟಗಂಗಮ್ಮನದೇ ಕೊನೆಯ ಅರ್ಜಿ. ಗಿರಿಜಾಂಬಿಕಾ ಹಳೆಯ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸುತ್ತಾರೆ.

“ತರ್ಸು ಕಣೇ,” ಎನ್ನುತ್ತಾರೆ. “ನಿನ್ ಕೈಗೆ ಒಗ್ಗೋ ಅಂಥದ್ನೇ ತರ್ಸು.”