ಜೀರೋ ಬಲ್ಬಿನ ಓಣಿ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ದೊಡ್ಡಪ್ಪನಿಗೆ ಯಾರ ಹತ್ತಿರವೂ ಏನನ್ನೂ ಕೇಳಿ ಗೊತ್ತಿಲ್ಲ. ಸಂಡೂರಿನ ಗಣಿಯಲ್ಲಿ ಡ್ರಿಲ್ ಹಿಡಿದು ಜೀವಮಾನ ಕಳೆದವನು. ಪಕ್ಕದ ಮನೆಯಲ್ಲಿ ಏಣಿ ಇದ್ದರೂ, ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುತ್ತಾನೆಯೇ ಹೊರತು ಹೋಗಿ ಕೇಳುವುದಿಲ್ಲ. ದೊಡ್ಡಮ್ಮ ಕೆಳಗೆ ಕುರ್ಚಿ ಹಿಡಿದುಕೊಂಡು ಬೈಯುತ್ತಾ ನಿಂತಿರುತ್ತಾಳೆ. ನನಗೂ ಅದೇ ಹಟ ಬಂದಿದೆ ಅಂತ ಮನೆಯವರ ಮಾತು. ಬಂದಿದ್ದರೆ ಬರಲಿ, ನನಗೇನೂ ಬೇಜಾರಿಲ್ಲ.

ಹೋದ ಬೇಸಿಗೆಯಲ್ಲಿ ದೊಡ್ಡಮ್ಮ ಫೋನ್ ಮಾಡಿದಳು. ನಾನು ವಡ್ಡು ಅನ್ನುವ ಊರಿನ ಕಡೆಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತೇನೆ. ಆಗ ಮಧ್ಯಾಹ್ನದ ಊಟದ ಹೊತ್ತು.

"ಯವ್ವಾ, ರಜಾ ಇದ್ದಾಗ ಬಂದ್ಹೋಗು. ಕರೆಂಟ್ ಬಿಲ್ ಬಂದೈತಿ."

"ಬಿಲ್ ತಿಂಗಳಾ ಬರ್ತೈತಲ್ಲ ದೊಡ್ಡಮ್ಮ."

"ಬರ್ತೈತಿ. ಈ ಸಲ ಸೊನ್ನಿ ಇಲ್ಲ."

ಸರ್ಕಾರ ಮನೆಗಳಿಗೆ ಕರೆಂಟು ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆ ಆ ಮನೆಗೆ ಬರುತ್ತಿದ್ದುದು ಸೊನ್ನೆ ಬಿಲ್ಲು. ಒಂದು ಮಿತಿಯೊಳಗೆ ಖರ್ಚು ಮಾಡಿದರೆ ಕಟ್ಟುವುದು ಏನೂ ಇಲ್ಲ. ದಾಟಿದರೆ ಪೂರ್ತಿ ಬಿಲ್ಲು ತಲೆಯ ಮೇಲೆ ಬೀಳುತ್ತದೆ. ಇಬ್ಬರೇ ಇರುವ ಮನೆ. ಎರಡು ಫ್ಯಾನು, ಒಂದು ಫ್ರಿಜ್ಜು, ಟಿವಿ. ಅಂಥ ಮನೆ ಮಿತಿ ದಾಟಿದ್ದು ಹೇಗೆ ಅಂತ ನನಗೂ ಹೊಳೆಯಲಿಲ್ಲ.

ಭಾನುವಾರ ಹೋದೆ. ಹೊಸಪೇಟೆಯ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಒಳಗೆ ಫ್ಯಾನು ನಿಂತಿತ್ತು. ಫ್ರಿಜ್ಜಿನ ಬಾಗಿಲು ಬಾಯಿ ಬಿಟ್ಟುಕೊಂಡಿತ್ತು, ಒಳಗೆ ಏನೂ ಇಲ್ಲ. ದೊಡ್ಡಮ್ಮ ಮೊರದಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದಳು. ಬಿ.ಪಿ. ಗುಳಿಗೆ ನುಂಗುವ ಹೆಂಗಸು, ಮುಖ ಕೆಂಪಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು. ಚಪ್ಪಲಿ ಬಿಡುವ ಮೊದಲೇ ಫ್ಯಾನ್ ಹಾಕಿದೆ. ದೊಡ್ಡಪ್ಪ ಎದ್ದು ಬಂದು ಆರಿಸಿದ. ನಾನು ಮತ್ತೆ ಹಾಕಿದೆ.

"ಹಾಕಬ್ಯಾಡವ್ವಾ. ಮೊದಲು ಕಳ್ಳನ್ನ ಹುಡುಕು, ಆಮ್ಯಾಲೆ ಗಾಳಿ ತಗಳಣ," ಅಂದ.

ಓಣಿಯ ಯಾವುದೋ ಮನೆಯವರು ತನ್ನ ಕರೆಂಟಿನ ತಂತಿಗೆ ಕೊಕ್ಕೆ ಹಾಕಿ ಕದಿಯುತ್ತಿದ್ದಾರೆ ಅಂತ ಅವನ ಗುಮಾನಿ. ಓಣಿಯಲ್ಲಿ ಯಾರ ಮುಖವನ್ನೂ ನೋಡದೆ ನಾಲ್ಕು ದಿನದಿಂದ ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದನಂತೆ.

ನಾನು ಮನೆಯ ಒಂದೊಂದೇ ಸ್ವಿಚ್ಚು ಆರಿಸುತ್ತಾ ಬಂದೆ. ಟಿವಿಯನ್ನು ಗೋಡೆಯಲ್ಲೇ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ. ಆಮೇಲೆ ಇಬ್ಬರನ್ನೂ ಅಂಗಳದ ಮೀಟರಿನ ಮುಂದೆ ನಿಲ್ಲಿಸಿದೆ. "ಈ ಕೆಂಪು ಚುಕ್ಕಿ ನೋಡ್ರಿ. ಕರೆಂಟು ಹೋಗಾಕತ್ತಿದ್ರ ಇದು ಕಣ್ಣು ಹೊಡಿತೈತಿ. ಜೋರು ಹೊಡದ್ರ ಜೋರು ಖರ್ಚು." ಕೆಂಪು ಚುಕ್ಕಿ ಪಟಪಟ ಕಣ್ಣು ಹೊಡೆಯುತ್ತಿತ್ತು.

"ನಾ ಹೇಳಿದ್ನಲ್ಲ, ಕಳ್ಳ ಅದಾನಂತ," ಅಂದ ದೊಡ್ಡಪ್ಪ, ಗೆದ್ದವನ ದನಿಯಲ್ಲಿ. "ಮನ್ಯಾಗ ಎಲ್ಲಾ ಬಂದ್ ಐತಿ. ಜೀರೋ ಬಲ್ಬು ಬಿಟ್ರ ಏನೂ ಇಲ್ಲ."

"ಯಾವ ಜೀರೋ ಬಲ್ಬು?"

ಅವನು ತಲೆ ಎತ್ತಿ ಸೂರಿನ ಕಡೆ ತೋರಿಸಿದ. ಸೂರಿನಿಂದ ಹೊರಟ ವೈರು ಕಾಂಪೌಂಡ್ ದಾಟಿ, ಪಕ್ಕದ ಹಳೇ ಗೋದಾಮಿನ ಗೋಡೆಯುದ್ದಕ್ಕೂ ಓಣಿಯ ತಿರುವಿನ ತನಕ ಹೋಗಿತ್ತು. ಅದಕ್ಕೆ ಮಾರಿಗೊಂದರಂತೆ ಬಲ್ಬು. ಕೆಂಪು, ಹಸಿರು, ನೀಲಿ, ಮಲಗುವ ಕೋಣೆಗೆ ಹಾಕುತ್ತಿದ್ದ ಹಳೇ ಕಾಲದ ಗಾಜಿನ ಜೀರೋ ಬಲ್ಬುಗಳು. ಆ ಸುಡು ಬಿಸಿಲಿನಲ್ಲಿ ಎಲ್ಲವೂ ಹತ್ತಿಕೊಂಡಿದ್ದವು. ಹತ್ತಿರ ಹೋಗಿ ಕೈ ಅಡ್ಡ ಹಿಡಿದು ನೋಡಿದರೇ ಗೊತ್ತಾಗುವಷ್ಟು ಬೆಳಕು.

"ಹಗಲೊತ್ತು ಯಾಕ ಹಚ್ಚೀದಿ ದೊಡ್ಡಪ್ಪ?"

"ಆರಿಸೋದ್ಯಾಕ? ಜೀರೋ ಬಲ್ಬಿಗೆ ಜೀರೋ ಕರೆಂಟು. ಹೆಸರಿನಾಗ ಐತಲ್ಲ."

ನಗು ಬಂತು. ಆದರೆ ಅವನ ಮುಖ ನೋಡಿ ನಗಲಿಲ್ಲ. ಆ ಮುಖದಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. ಊರೆಲ್ಲ ಅದನ್ನು ಜೀರೋ ಅಂತಲೇ ಕರೆಯುವಾಗ, ಅದರೊಳಗಿನ ತಂತಿಯೂ ಕಾಯುತ್ತದೆ, ಕಾಯುವುದಕ್ಕೆ ಕರೆಂಟು ಬೇಕು ಅಂತ ಅವನಿಗೆ ಯಾರು ಹೇಳಬೇಕಿತ್ತು? ನಾನು ಹೊರಗೆ ಸೂರಿನ ಕೆಳಗಿದ್ದ ಆ ವೈರಿನ ಸ್ವಿಚ್ಚು ಆರಿಸಿದೆ. ಮೀಟರಿನ ಚುಕ್ಕಿ ಕಣ್ಣು ಹೊಡೆಯುವುದನ್ನು ನಿಲ್ಲಿಸಿತು. ದೊಡ್ಡಪ್ಪ ಮೀಟರಿನ ಹತ್ತಿರ ಬಗ್ಗಿದ. ತಾನೇ ಸ್ವಿಚ್ಚು ಹಾಕಿ ನೋಡಿದ, ಆರಿಸಿ ನೋಡಿದ. ಆಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಬಲ್ಬು ಯಾಕೆ ಹಾಕಿದ್ದ ಅನ್ನುವುದನ್ನು ದೊಡ್ಡಮ್ಮ ಹೇಳಿದಳು. ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಕೆಲಸ ಮುಗಿಸಿ ಆಟೋದಲ್ಲಿ ಬಂದು ತಿರುವಿನಲ್ಲಿ ಇಳಿಯುವಾಗ ಕತ್ತಲಾಗಿರುತ್ತದೆ. ಬೀದಿ ದೀಪದ ಬೆಳಕು ಗೋದಾಮಿನ ಈಚೆಗೆ ಬರುವುದಿಲ್ಲ. ಮೊದಲು ಮನೆಮನೆಯವರು ಬಾಗಿಲಿಗೊಂದು ದೀಪ ಹಾಕುತ್ತಿದ್ದರು. ಸೊನ್ನೆ ಬಿಲ್ಲು ಬಂದಿದ್ದೇ ತಡ, ಮಿತಿ ಎಲ್ಲಿ ದಾಟೀತೋ ಅನ್ನುವ ಹೆದರಿಕೆಗೆ ಒಬ್ಬೊಬ್ಬರೇ ಹೊರಗಿನ ದೀಪ ಆರಿಸಿದರು. ಒಂದು ಸಂಜೆ ಆ ಹುಡುಗಿಯ ಬೆನ್ನು ಹತ್ತಿ ಯಾರೋ ಬಂದರಂತೆ. ಅವಳಪ್ಪ ಕೆಲಸ ಬಿಡು ಅಂದ. ಅವಳು ಊಟ ಬಿಟ್ಟಳು. ಅದು ದೊಡ್ಡಪ್ಪನ ಕಿವಿಗೆ ಬಿತ್ತು. ಕಂಪ್ಲಿಯಲ್ಲಿ ಯಾವುದೋ ಹಳೇ ಅಂಗಡಿ ಮುಚ್ಚುವಾಗ ಒಂದು ಡಬ್ಬಿ ತುಂಬಾ ಜೀರೋ ಬಲ್ಬು ಅಗ್ಗಕ್ಕೆ ತಂದ. ಗೋಡೆಗೆ ವೈರು ಎಳೆಯಲು ಗೋದಾಮಿನವನನ್ನು ಕೇಳಿದ್ದು ದೊಡ್ಡಮ್ಮನೇ, ದೊಡ್ಡಪ್ಪ ಅಲ್ಲ. ಎಲ್ಲ ಹೊತ್ತಿದ ಸಂಜೆ ದೊಡ್ಡಪ್ಪ ಆ ಹುಡುಗಿಯ ಅಪ್ಪನನ್ನು ಕರೆದು ನಿಲ್ಲಿಸಿ, "ಹಂಪಿ ಉತ್ಸವಕ್ಕ ಹಚ್ಚಿದಂಗ ದೀಪ ಹಚ್ಚೀನಿ, ಈಗ ಮಗಳನ್ನ ಕಳಸು," ಅಂದನಂತೆ. ಅವಳಪ್ಪ ಒಪ್ಪಿದ. ದೀಪ ಇರೋತನಕ ಅಂತ ಒಂದು ಮಾತು ಸೇರಿಸಿ ಒಪ್ಪಿದ.

ಕೇಳಿ ನನ್ನ ಎದೆ ಉಬ್ಬಿತು. ನಾನು ಕಾರ್ಖಾನೆಗೆ ಸೇರುವಾಗ ಸಂಜೆ ಪಾಳಿಗೆ ಹೆಣ್ಣುಮಗಳನ್ನು ಕಳಿಸುವುದಾ ಅಂತ ಮನೆಯಲ್ಲಿ ಎಷ್ಟು ದಿನ ಜಗಳ ನಡೆದಿತ್ತು ಅಂತ ನನಗೇ ಗೊತ್ತು. ಇಲ್ಲಿ ಒಬ್ಬ ಮುದುಕ ಯಾರದೋ ಮಗಳಿಗಾಗಿ ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿದ್ದ.

ಸಂಜೆಯ ಹೊತ್ತಿಗೆ ದೊಡ್ಡಪ್ಪ ಎದ್ದ. ನಾನು ನನ್ನ ಲೆಕ್ಕಾಚಾರ ಹೇಳಿದೆ. ಈಗ ಸಣ್ಣ ಎಲ್‌ಇಡಿ ಬಲ್ಬು ಬಂದಿವೆ, ನಿಜವಾಗಿಯೂ ಜೀರೋಗೆ ಹತ್ತಿರ ಅಂದರೆ ಅವು. ರಾತ್ರಿಯಿಡೀ ಉರಿದರೂ ಮೀಟರಿನ ಕಣ್ಣು ಎಲ್ಲೋ ಒಂದು ಸಲ ಮಿಟುಕುತ್ತದೆ. "ನಾಳಿಗೆ ನಾನ ಅಷ್ಟೂ ತಂದು ಹಾಕಿಸ್ತೀನಿ ದೊಡ್ಡಪ್ಪ, ನೀ ಸುಮ್ನ ಕುಂದ್ರು."

"ಬ್ಯಾಡ. ನೀ ತಂದ್ರ ನಿನ್ನ ದೀಪ, ನಾ ತಂದ್ರ ನನ್ನ ದೀಪ. ನಾ ಸತ್ತ ಮರುದಿನ ಮತ್ತ ಕತ್ತಲ. ಆ ಹುಡುಗಿ ನೌಕರಿ ನನ್ನ ಒಂದು ಸ್ವಿಚ್ಚಿನ ಮ್ಯಾಲೆ ನಿಂದರಬಾರದು." ಅಂಗಿ ತೊಟ್ಟುಕೊಂಡ. "ನಡಿ ನನ್ನ ಜೋಡಿ. ಆ ಕಣ್ಣು ಹೊಡೆಯೋದು ಎಲ್ಲಾರ್ಗೂ ತೋರಿಸು."

ಅವತ್ತು ನಾನು ನೋಡಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಸುಳ್ಳು ಅನ್ನುತ್ತಿದ್ದೆ. ಏಣಿ ಕೇಳದ ಮನುಷ್ಯ ಮೊದಲನೆಯ ಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡ. ಆ ಮನೆಯವರು "ಬರ್ರಿ, ಕುಂದ್ರಿ" ಅಂದರು. ಅವನು ಕೂರಲಿಲ್ಲ.

"ಜೀರೋ ಬಲ್ಬು ಜೀರೋ ಅಲ್ಲಂತ. ನಾನು ತಪ್ಪು ತಿಳಿದಿದ್ನಿ. ನಿಮ್ಮ ಮ್ಯಾಲೆ ಗುಮಾನಿ ಪಟ್ಟಿದ್ನಿ, ಅದೂ ತಪ್ಪು. ಈಗ ಒಂದು ಕೇಳಾಕ ಬಂದೀನಿ. ನಿಮ್ಮ ಬಾಗಲಾಗ ಒಂದು ಸಣ್ಣ ದೀಪ ಹಚ್ಚ್ರಿ. ಯಾಕಂತ ನಿಮಗ ಗೊತ್ತೈತಿ."

ಕೇಳುವಾಗ ಅವನ ಕಿವಿಗಳು ಕೆಂಪಾಗಿದ್ದವು. ನಾನು ಆ ಮನೆಯ ಮೀಟರಿನ ಮುಂದೆ ನಿಂತು ಕೆಂಪು ಚುಕ್ಕಿ ತೋರಿಸಿದೆ, ಯಾವುದು ಎಷ್ಟು ತಿನ್ನುತ್ತದೆ ಅಂತ ಹೇಳಿದೆ. ಆ ಮನೆಯಾಕೆ, "ಇಷ್ಟಕ್ಕ ಹೆದರಿ ಕತ್ತಲಾಗ ಕುಂತಿದ್ವೇನ್ರಿ ನಾವು," ಅಂದಳು. ಮುಂದಿನ ಮನೆಯವರು ಬಿಲ್ಲು ಬಂದರೆ ಯಾರು ಕಟ್ಟುತ್ತೀರಿ ಅಂತ ನೇರವಾಗಿ ಕೇಳಿದರು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು, ಒಳ್ಳೆಯ ಉತ್ತರವೇನಲ್ಲ. ದೊಡ್ಡಪ್ಪ ನನ್ನ ಕೈ ಹಿಡಿದು ತಡೆದು, ಇನ್ನೊಮ್ಮೆ ಕೇಳಿದ. ಅಷ್ಟೇ ಮೆತ್ತಗೆ, ಮೊದಲು ಕೇಳಿದ್ದನ್ನೇ. ಅವರು ಆಯಿತು ಅಂದರೋ ಇಲ್ಲವೋ ಗೊತ್ತಾಗದ ಹಾಗೆ ತಲೆಯಾಡಿಸಿದರು. ಹೀಗೆ ಓಣಿಯ ಅಷ್ಟೂ ಮನೆ ಮುಗಿಸಿದೆವು. ಕೊನೆಯ ಮನೆಗೆ ಮಾತ್ರ ಹೋಗಲಿಲ್ಲ. ತನ್ನ ದೀಪ ತೆಗೆಯುವುದು ಗೊತ್ತಾದರೆ ಆ ಹುಡುಗಿಯ ಅಪ್ಪ ಮತ್ತೆ ಕೆಲಸ ಬಿಡು ಅಂದಾನು ಅಂತ ದೊಡ್ಡಪ್ಪನ ವಿಚಾರ.

ವಾಪಸು ಬಂದು ಗೋದಾಮಿನ ಗೋಡೆಯ ವೈರು ಬಿಚ್ಚಿದ. ಬಾಗಿಲುಗಳಿಲ್ಲದ ತಿರುವಿಗೆ ಮಾತ್ರ ಅಂಗಡಿಯಿಂದ ತಂದ ಒಂದು ಎಲ್‌ಇಡಿ ಬಲ್ಬು ಹಾಕಿದ. ಆಮೇಲೆ ನಾವು ಮೂವರೂ ಕಟ್ಟೆಯ ಮೇಲೆ ಕೂತೆವು. ಹೊತ್ತು ಮುಳುಗುತ್ತಾ ಬಂತು. ಓಣಿ ಕಪ್ಪಗಿತ್ತು. ದೊಡ್ಡಪ್ಪ ಯಾವ ಮನೆಯ ಕಡೆಯೂ ನೋಡದೆ ತನ್ನ ಅಂಗೈ ನೋಡುತ್ತಾ ಕೂತ.

ಮೊದಲು ಎದುರು ಮನೆಯಲ್ಲಿ ಹತ್ತಿತು. ಆಮೇಲೆ ಅದರಾಚೆ. ಬಿಲ್ಲಿನ ಪ್ರಶ್ನೆ ಕೇಳಿದವರ ಮನೆಯಲ್ಲಿ ತಡವಾಗಿ, ಆದರೆ ಎಲ್ಲರಿಗಿಂತ ದೊಡ್ಡ ಬಲ್ಬು. ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ದೊಡ್ಡಪ್ಪ ಅಂತ ಊರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು ನನಗೆ.

ಆಟೋ ಬಂದು ತಿರುವಿನಲ್ಲಿ ನಿಂತಿತು. ಆ ಹುಡುಗಿ ಇಳಿದು ಓಣಿಯೊಳಗೆ ಬಂದಳು. ಭುಜದ ಮೇಲೆ ಚೀಲ, ಕಿವಿಗೆ ಫೋನು, ಯಾರ ಜೊತೆಗೋ ನಗುತ್ತಾ ಮಾತು. ನಮ್ಮ ಕಟ್ಟೆಯ ಮುಂದೆ ಬಂದಾಗ ಫೋನನ್ನು ಸ್ವಲ್ಪ ಬದಿಗೆ ಸರಿಸಿ, "ಊಟ ಆತೇನ್ರಿ ಅಜ್ಜಾ?" ಅಂದಳು. ಇನ್ನೂ ಇಲ್ಲವ್ವಾ ಅಂದ ದೊಡ್ಡಪ್ಪ. ಅವಳು ಹಿಂದೆ ತಿರುಗಿ ನೋಡದೆ, ಹೆಜ್ಜೆ ಜೋರು ಮಾಡದೆ, ಮಾತಾಡುತ್ತಲೇ ಮನೆಯ ಕಡೆ ನಡೆದುಹೋದಳು. ದೀಪ ಬದಲಾಗಿದ್ದು ಅವಳ ಗಮನಕ್ಕೇ ಬರಲಿಲ್ಲ.